ಹನ್ನೆರಡನೇ ತಾರೀಖಿನ ಹಾಳೆ

“ನಮ್ಮನ್ನ ಫೋರ್ಜರಿ ಮಾಡೋರು ಅಂದ್ರು ಮೇಡಂ. ನಮ್ಮಮ್ಮನ ಮುಖದ ಮೇಲೇ ಅಂದ್ರು.”

ಶಾಂತಲಾ ಇಷ್ಟು ಹೇಳಿ ನಿಲ್ಲಿಸಿದಳು. ಪಕ್ಕದ ಕುರ್ಚಿಯಲ್ಲಿದ್ದ ಅವಳ ತಾಯಿ ಗೋವಿಂದಮ್ಮ ಅಳುತ್ತಿರಲಿಲ್ಲ. ಮಡಿಲಲ್ಲಿದ್ದ ಬಟ್ಟೆ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು ನೆಲ ನೋಡುತ್ತಿದ್ದರು.

ಗುರುವಾರ, ಬೆಳಗಿನ ಹನ್ನೊಂದೂವರೆ ಗಂಟೆ. ಬಿಟಿಎಂ ಎರಡನೇ ಹಂತದ ಆ ಮೊದಲ ಮಹಡಿಯ ಬಾಡಿಗೆ ಮನೆ ಶರಣಮ್ಮನವರದು. ಪೊಲೀಸ್ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸಹಿ, ಶಾಯಿ, ಕಾಗದ ಪರೀಕ್ಷಿಸಿ ನಿವೃತ್ತರಾದ ಕಲಬುರಗಿಯ ಹೆಂಗಸು. ಕಾಗದದ ಮೇಲಿನ ಮೋಸ ಹಿಡಿಯಬೇಕೆಂದರೆ ಜನ ಈಗಲೂ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಬಂದವರಿಗೆ ಮೆಟ್ಟಿಲು ತೋರಿಸುತ್ತಿದ್ದವನು ಕೆಳಗೆ ಜೆರಾಕ್ಸ್ ಅಂಗಡಿ ಇಟ್ಟಿದ್ದ ಮೌನೇಶ. ಯಾದಗಿರಿ ಕಡೆಯವನು, ನಲವತ್ತೈದು ದಾಟಿದವನು. ಇಂಥ ದಿನ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ತಾನೂ ಮೇಲೆ ಬಂದು ಕೂರುತ್ತಿದ್ದ. ಏಳು ವರ್ಷದಿಂದ ಹಾಗೇ ನಡೆದಿತ್ತು.

“ನೀರು ಕುಡೀರಿ ಅವ್ವಾ,” ಎಂದರು ಶರಣಮ್ಮ. “ಮೊದಲಿಂದ ಹೇಳ್ರಿ. ಅವಸರ ಇಲ್ಲ.”

ಗೋವಿಂದಮ್ಮ ತಲೆಯೆತ್ತಿದರು. “ನಮ್ಮೆಜಮಾನ್ರು ಸಂಜೀವಯ್ಯ ಅಂತ. ಯಡಿಯೂರಿನೋರು ನಾವು, ಅಲ್ಲಿ ಬಡಾವಣೆ ಆಗೋಕೆ ಮುಂಚೆಯಿಂದ ಇರೋರು. ರಾಯಭಾರ ಕಚೇರಿಲಿ ಕ್ಲಾರ್ಕ್ ಆಗಿ ಸೇರ್ಕೊಂಡು ವೈಸ್ ಕಾನ್ಸಲ್ ಅನ್ನೋ ಆಫೀಸರ್ ಆಗಿದ್ರು. ಮರ್ಸಾನ್ ಅನ್ನೋ ಊರಲ್ಲಿ ತೀರ್ಕೊಂಡ್ರು. ಹನ್ನೊಂದು ವರ್ಷ ಆಯ್ತು.”

ಮರ್ಸಾನ್ ಎಂಬ ಹೆಸರು ಕೇಳಿದ್ದೇ ಮೌನೇಶನ ಬೆನ್ನು ನೆಟ್ಟಗಾಯಿತು. ಕರ್ನಾಟಕದಲ್ಲಿ ಆ ಹೆಸರು ತಿಳಿಯದವರು ಯಾರಿದ್ದರು? ಮರುಭೂಮಿಯ ಅಂಚಿನ ಆ ಬಂದರು ಪಟ್ಟಣದಲ್ಲಿ ಅಂತರ್ಯುದ್ಧ ಹತ್ತಿಕೊಂಡಾಗ, ಸಿಕ್ಕಿಬಿದ್ದ ಭಾರತೀಯರನ್ನು ಹಡಗಿಗೆ ಹತ್ತಿಸಲು ಸರ್ಕಾರದ ಪರವಾಗಿ ಹೋಗಿದ್ದವರು ಸಚಿವ ರವಿಕುಮಾರ. ನಲವತ್ತಮೂರು ನರ್ಸ್‌ಗಳನ್ನು ಕೊನೆಯ ಬಸ್ಸಿನಲ್ಲಿ ಕೂರಿಸಿ, ತಾವು ಹಿಂದೆ ಉಳಿದು, ಶೆಲ್ ದಾಳಿಗೆ ಬಲಿಯಾದ ಮನುಷ್ಯ. ಅವರ ಹೆಸರಿನಲ್ಲಿ ರಸ್ತೆ ಇತ್ತು, ಪಾರ್ಕಿತ್ತು, ಕಾಲೇಜು ಹುಡುಗರು ಓದುವ ಜೀವನಚರಿತ್ರೆ ಇತ್ತು. ಪ್ರತಿ ಪುಣ್ಯತಿಥಿಗೂ ಮೌನೇಶನೇ ತನ್ನ ಅಂಗಡಿ ಮುಂದೆ ಅವರ ಫೋಟೋ ಇಟ್ಟು ಹೂವಿನ ಹಾರ ಹಾಕುತ್ತಿದ್ದ.

ಅದೇ ದಿನ, ಅದೇ ಊರಿನಲ್ಲಿ, ಇನ್ನೊಬ್ಬ ಕನ್ನಡಿಗ ಸತ್ತಿದ್ದನೆಂದು ಅವನಿಗೆ ಇಂದಿನವರೆಗೆ ಯಾರೂ ಹೇಳಿರಲಿಲ್ಲ.

“ಅಪ್ಪನ ವಿಷಯ ಎಲ್ಲೂ ಬರಲಿಲ್ಲ,” ಎಂದಳು ಶಾಂತಲಾ. ಅವಳು ಬನಶಂಕರಿಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಟೀಚರ್. “ಹನ್ನೊಂದನೇ ತಾರೀಖು ಸಂಜೆಗೇ ಅಪ್ಪನನ್ನ ಡ್ಯೂಟಿಯಿಂದ ರಿಲೀವ್ ಮಾಡಿದ್ವಿ, ಅವರು ಹಡಗು ಹತ್ತದೆ ತಮ್ಮ ಇಷ್ಟದಿಂದ ಎಲ್ಲೋ ಸುತ್ತಾಡ್ತಿದ್ರು, ಹನ್ನೆರಡಕ್ಕೆ ಸತ್ರು ಅಂತ ರೆಕಾರ್ಡ್ ಇದೆ. ಹಂಗಾಗಿ ಸೇವೆಯಲ್ಲಿದ್ದಾಗ ಸತ್ತವರು ಅಂತ ಲೆಕ್ಕಕ್ಕೆ ಬರಲ್ಲ ಅಂತಾರೆ. ಈ ಭಾನುವಾರ ಜಯನಗರದ ಪಾರ್ಕಲ್ಲಿ ಒಂದು ಸ್ಮಾರಕ ಶಿಲೆ ಅನಾವರಣ ಆಗ್ತಿದೆ. ಯುದ್ಧಕಾಲದಲ್ಲಿ ಸೇವೆ ಮಾಡ್ತಾ ಸತ್ತ ಕರ್ನಾಟಕದ ರಾಜಕಾರಣಿಗಳು, ರಾಯಭಾರ ಕಚೇರಿಯೋರು, ಎಲ್ಲಾರ ಹೆಸರೂ ಕೆತ್ತಿಸಿದ್ದಾರೆ. ಏಳು ಹೆಸರಿವೆ, ಮೊದಲನೇದು ಮಿನಿಸ್ಟರ್‌ದು. ಅಪ್ಪಂದಿಲ್ಲ.”

“ಈಗ ಏನಾತು?”

ಮೂರು ವಾರದ ಹಿಂದೆ ಭಾಗ್ಯಜ್ಯೋತಿ ಎಂಬ ನರ್ಸ್ ಅವರ ಮನೆ ಹುಡುಕಿಕೊಂಡು ಬಂದಿದ್ದಳಂತೆ. ಇಷ್ಟು ವರ್ಷ ಹೊರದೇಶದಲ್ಲಿದ್ದು ಈಚೆಗೆ ಅರೆಕೆರೆಯಲ್ಲಿ ಮನೆ ಮಾಡಿದವಳು. ಶಿಲೆಯ ಸುದ್ದಿ ಪೇಪರಿನಲ್ಲಿ ನೋಡಿ ಕೆಂಡವಾಗಿದ್ದಳು. ಕೊನೆಯ ಬಸ್ಸಿನಲ್ಲಿ ಅವಳಿದ್ದಳು. ಬಸ್ಸಿನ ಬಾಗಿಲಲ್ಲಿ ಸಂಜೀವಯ್ಯ ಒಂದು ನೋಟ್‌ಬುಕ್ ಅವಳ ಕೈಗೆ ತುರುಕಿ, “ಹಡಗಲ್ಲಿ ಹೆಸರು ಕೂಗಿ ನೋಡಮ್ಮ, ಯಾರೂ ಬಿಟ್ಟುಹೋಗಬಾರದು” ಎಂದಿದ್ದರು. ಆ ನೋಟ್‌ಬುಕ್ಕನ್ನು ತಂದು ಗೋವಿಂದಮ್ಮನ ಕೈಗಿಟ್ಟಳು.

ಶಾಂತಲಾ ತನ್ನ ಫೋನಿನಲ್ಲಿ ಅದರ ಒಂದು ಹಾಳೆಯ ಎರಡೂ ಬದಿಯ ಫೋಟೋ ತೋರಿಸಿದಳು. ನೀಲಿ ಶಾಯಿ ಪೆನ್ನಿನ ದುಂಡು ಕನ್ನಡ ಅಕ್ಷರ. ಮೌನೇಶ ಬಗ್ಗಿ ಓದಿದ.

“ತಾ. 12. ಬೆಳಿಗ್ಗೆ 8.40 ಸಚಿವರ ಕಾರು ಬಂದರಿಗೆ ಹೊರಟಿತು. 9.05 ರಾಯಭಾರಿಗಳು ಹೊರಟರು. ನರ್ಸ್‌ಗಳ ಬಸ್ಸು ಇನ್ನೂ ಬಂದಿಲ್ಲ. ಇರಲು ಹೇಳಿದ್ದಾರೆ, ಇರುತ್ತೇನೆ.” ಇದಕ್ಕೂ ಮೇಲೆ, ಹಾಳೆಯ ತಲೆಯಲ್ಲಿ, ಬೇರೆ ಕೈಬರಹದಲ್ಲಿ ಇಂಗ್ಲಿಷಿನ ಒಂದು ಸಾಲು, ಕೊನೆಯ ಬಸ್ಸು ಹೊರಡುವವರೆಗೆ ಇಲ್ಲೇ ಇರಿ ಎಂಬ ಆದೇಶ, ಒಂದು ಚಿಕ್ಕ ಸಹಿ. ಆಮೇಲೆ ಹಾಳೆಯ ಎರಡೂ ಬದಿ ನಲವತ್ತಮೂರು ಹೆಸರು. ಕೊನೆಗೆ: “1.15. ಬಸ್ಸು ಹೊರಡುತ್ತಿದೆ. ಇಬ್ಬರು ಕಾಣುತ್ತಿಲ್ಲ. ಹುಡುಕಿ ಬರುತ್ತೇನೆ.”

ಅವರು ಬರಲಿಲ್ಲ.

ಮೌನೇಶ ಆ ಸಮಯಗಳನ್ನು ಮತ್ತೊಮ್ಮೆ ಓದಿದ. ಸಚಿವರ ಕಾರಿಗೆ ಶೆಲ್ ಬಿದ್ದದ್ದು ಬಂದರಿನ ರಸ್ತೆಯಲ್ಲಿ ಎಂದು ಅವನಿಗೂ ಗೊತ್ತಿತ್ತು. ಆದರೆ ಕೊನೆಯ ಬಸ್ಸಿಗೆ ನಾಲ್ಕೂವರೆ ಗಂಟೆ ಮೊದಲು ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

“ಒರಿಜಿನಲ್ ಹಾಳೆ ಎಲ್ಲದ?” ಶರಣಮ್ಮ ಕೇಳಿದರು.

“ಅದೇ ಹೋಯ್ತು ಮೇಡಂ.”

ನಿನ್ನೆ, ಬುಧವಾರ, ಸಂಜೆ ನಾಲ್ಕಕ್ಕೆ ತಾಯಿ ಮಗಳು ನೋಟ್‌ಬುಕ್ ಹಿಡಿದು ಸ್ಮಾರಕ ಸಮಿತಿಯ ಮುಂದೆ ಹೋಗಿದ್ದರು. ಸಭೆ ಜಯನಗರದಲ್ಲಿ, ಅಧ್ಯಕ್ಷ ಸೋಮನಾಥ್ ಅವರ ಮನೆಯಲ್ಲಿ. ಮರ್ಸಾನ್‌ನಲ್ಲಿ ರಾಯಭಾರಿಯಾಗಿದ್ದವರು ಇದೇ ಸೋಮನಾಥ್. ಅವರು ಮೇಲಿನ ಕೋಣೆಯಲ್ಲಿ ಫೋನಿನಲ್ಲಿದ್ದರು. ಕೆಳಗೆ ಮೂವರಿದ್ದರು: ಸಚಿವರ ಪತ್ನಿ ಸುಧಾಮಣಿ, ಶಿಲೆಯ ವಿನ್ಯಾಸ ಮಾಡಿದ ಮೇಘಶ್ರೀ, ಮತ್ತು ಕಾರ್ಯದರ್ಶಿ ಶಶಿಧರ್. ಈ ಶಶಿಧರ್ ನಿವೃತ್ತ ಇತಿಹಾಸ ಮೇಷ್ಟ್ರು. ಸಚಿವರ ಜೀವನಚರಿತ್ರೆ ಬರೆದವರು ಅವರೇ.

“ಮೇಷ್ಟ್ರು ಒಬ್ರೇ ನಮ್ಮ ಪರ ಮಾತಾಡಿದ್ದು,” ಎಂದರು ಗೋವಿಂದಮ್ಮ. “ಪುಸ್ತಕ ಇಸ್ಕೊಂಡು ಕೊನೇವರ್ಗೂ ತಿರುವಿಹಾಕಿದ್ರು. ಆಮೇಲೆ ಮುಚ್ಚಿ, ತಮ್ಮ ಫೈಲಿನ ಕೆಳಗೆ ಇಟ್ಕೊಂಡು, ಅದರ ಮೇಲೆ ಕೈ ಇಟ್ಕೊಂಡು, ಒಂದು ಕಾಲು ಗಂಟೆ ಮಾತಾಡಿದ್ರು. ಸಾಮಾನ್ಯರ ತ್ಯಾಗ, ಇತಿಹಾಸದ ಮೌನ, ಏನೇನೋ. ಆಮೇಲೆ ಕಿಟಕಿ ಹತ್ರ ನಿಂತು, ಬೆಳಕು ಸಾಲ್ದು ಅಂದ್ಕೊಂಡು, ಹನ್ನೊಂದನೇ ತಾರೀಖಿಂದು ಗಟ್ಟಿಯಾಗಿ ಓದಿದ್ರು. ಎಜಮಾನ್ರು ಮಾತಾಡ್ದಂಗೇ ಆಯ್ತು ನಂಗೆ.”

“ಮುಂದಿಂದು ಓದಲಿಲ್ಲ?”

“ಮುಂದಿನದು ಸೂಕ್ಷ್ಮ ವಿಷಯ, ಎಲ್ಲಾರೂ ಕೂತು ನಾಳೆ ನಿಧಾನವಾಗಿ ನೋಡೋಣ ಅಂದ್ರು,” ಎಂದಳು ಶಾಂತಲಾ. “ಅಷ್ಟೊತ್ತಿಗೆ ಕಾಫಿ ಬಂತು, ಸೋಮನಾಥ್ ಸಾರೂ ಇಳಿದು ಬಂದ್ರು. ಸುಧಾಮಣಿ ಮೇಡಂ ಕೈ ತಪ್ಪಿ, ಟೇಬಲ್ ಮೇಲೆ ಮುಚ್ಚಿಟ್ಟಿದ್ದ ನೋಟ್‌ಬುಕ್ ಮೇಲೆ ಕಾಫಿ ಚೆಲ್ಲಿಬಿಟ್ರು. ಮೇಘಶ್ರೀ ದುಪಟ್ಟಾದಲ್ಲಿ ಒರೆಸಿದ್ರು. ಆಮೇಲೆ ಕವರ್‌ಗೆ ಹಾಕಿ, ಅಂಟಿಸಿ, ನಾಲ್ಕೂ ಜನ ಅಂಟಿನ ಮೇಲೆ ಸೈನ್ ಮಾಡಿ, ಬೀರುವಿಗಿಟ್ಟು ಬೀಗ ಹಾಕಿದ್ರು. ಕೀ ಸೋಮನಾಥ್ ಸಾರ್ ಹತ್ರ. ಇವತ್ತು ಬೆಳಗ್ಗೆ ನಮ್ಮೆದುರೇ ಕವರಿನ ಬದಿ ಕತ್ತರಿಸಿ ತೆಗೆದ್ರು. ಹನ್ನೆರಡನೇ ತಾರೀಖಿನ ಹಾಳೆ ಇಲ್ಲ.”

“ಏನಂದ್ರು?”

“ಇರಲೇ ಇಲ್ಲ ಅಂದ್ರು ಸೋಮನಾಥ್ ಸಾರ್. ಫೋಟೋ ತೋರಿಸಿದ್ರೆ, ಈಗಿನ ಕಾಲದಲ್ಲಿ ಇಂಥ ಫೋಟೋ ಕಂಪ್ಯೂಟರ್ ಎರಡು ನಿಮಿಷದಲ್ಲಿ ಮಾಡಿಕೊಡುತ್ತೆ, ಸತ್ತವರ ಹೆಸರಲ್ಲಿ ಫೋರ್ಜರಿ ಮಾಡಬೇಡಿ ಅಂದ್ರು. ಮೇಷ್ಟ್ರನ್ನ ಕೇಳಿದೆ. ನಾನು ಹನ್ನೊಂದರವರೆಗೆ ಮಾತ್ರ ನೋಡಿದ್ದೆ ತಾಯಿ, ಆದ್ರೂ ನಾನು ನಿಮ್ಮ ಪರ ಅಂದ್ರು. ನೋಟ್‌ಬುಕ್ಕು, ಕವರು ವಾಪಸ್ ಕೊಟ್ಟು ಕಳಿಸಿದ್ರು.”

ಮೌನೇಶನಿಗೆ ತಡೆಯಲಾಗಲಿಲ್ಲ. “ಇದರಾಗ ತನಿಖಿ ಮಾಡೂದು ಏನದ ಅಕ್ಕಾರ? ಕೀಲಿ ಅವನ ಹಂತ್ಯಾಕ ಇತ್ತು. ಅವನೇ ಕದ್ದಾನ. ಒಂಬತ್ತಕ್ಕ ಓಡಿ ಹೋದವ ಅವನೇ ಅಲ್ಲ?”

“ಸಿಟ್ಟು ಬರಲಿ, ಇರಲಿ,” ಎಂದರು ಶರಣಮ್ಮ. “ಆದರ ಅದನ್ನ ಬಾಜೂಕ ಇಟ್ಟು ಮೊದಲ ಪುಸ್ತಕ ನೋಡು.”

ನೋಟ್‌ಬುಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೈಗೆ ಭೂತಗನ್ನಡಿ ಬಂತು. ಮೌನೇಶನನ್ನೂ ಹತ್ತಿರ ಕರೆದರು. ಹನ್ನೊಂದನೇ ತಾರೀಖಿನ ಪುಟ ಎಡಕ್ಕೆ. ಅದರ ಮೇಲಂಚಿನಲ್ಲಿ ಕಾಫಿಯ ಕಂದು ಕಲೆ, ಕಲೆ ತಾಗಿದಲ್ಲೆಲ್ಲ ನೀಲಿ ಅಕ್ಷರ ಕದಡಿತ್ತು. ಬಲಕ್ಕೆ ಖಾಲಿ ಪುಟ. ಅದರ ಮೇಲೂ ಕಂದು ಕಲೆ, ಕಲೆಯೊಳಗೆ ನೀಲಿ ಚುಕ್ಕೆ, ಗೆರೆ. ಎರಡರ ನಡುವೆ, ಹೊಲಿಗೆಯ ಸಂದಿಯಲ್ಲಿ, ಉಗುರಿನಷ್ಟು ಅಗಲದ ಹಾಳೆಯ ಬುಡ ಉಳಿದುಕೊಂಡಿತ್ತು.

“ಈ ಬುಡ ಹೆಂಗ ಕಾಣತದ?”

ಜೆರಾಕ್ಸಿನ ಜೊತೆಗೆ ಬೈಂಡಿಂಗೂ ಮಾಡುವ ಮೌನೇಶನಿಗೆ ಕಾಗದ ಗೊತ್ತು. “ಬ್ಲೇಡಿನಿಂದ ಕೊಯ್ದದ್ದಲ್ಲ. ಅಂಚು ಹತ್ತಿ ಇದ್ದಂಗ ಉಬ್ಬ್ಯಾದ. ಹರದದ್ದೂ ಅಲ್ಲ, ಹರದಿದ್ರ ಸೊಟ್ಟ ಆಗ್ತಿತ್ತು. ಇದು ಗೆರಿ ಹಾಕಿದಂಗ ನೆಟ್ಟಗದ. ಹಳಿ ಕಾಗದ ಹಳದಿ ಆಗ್ಯಾದ, ಇದರ ಅಂಚು ಬೆಳ್ಳಗದ.”

“ಶಾಯಿ?”

“ಬುಡದ ಮ್ಯಾಲಿನ ಶಾಯಿ ಅಂಚಿನ ಉದ್ದಕ್ಕೂ ಸಣ್ಣಗ ಹರಡ್ಯಾದ. ಕಾಫಿ ತಾಗದಿದ್ದ ಕೆಳಗಡೀನೂ ಹರಡ್ಯಾದ.”

ಶರಣಮ್ಮ ತಲೆಯಾಡಿಸಿದರು. ಕವರನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಟು, ಸಹಿ ಎಲ್ಲ ಸರಿಯಾಗಿದ್ದವು. ಅದನ್ನು ಮಡಚಿಟ್ಟರು.

ಮಧ್ಯಾಹ್ನ ಶರಣಮ್ಮ, ಮೌನೇಶ ಇಬ್ಬರೂ ಜಯನಗರಕ್ಕೆ ಹೋದರು. ಸೋಮನಾಥ್ ಬಾಗಿಲಲ್ಲೇ ನಿಂತು ಮಾತಾಡಿಸಿದರು. “ನೋಡಿ ಮೇಡಂ, ನನಗೆ ಆ ಮನುಷ್ಯನ ಮೇಲೆ ಕನಿಕರ ಇದೆ. ಆದರೆ ದಾಖಲೆ ಅಂದರೆ ದಾಖಲೆ. ಕ್ಲಾರ್ಕ್ ಆಗಿ ಬಂದವರಿಗೆ ಅಂಥ ಸಂದರ್ಭದಲ್ಲಿ ಗಾಬರಿಯಾಗುವುದು ಸಹಜ.” ಮೌನೇಶ ಹಲ್ಲು ಕಚ್ಚಿದ. ಕ್ಲಾರ್ಕ್ ಎಂಬ ಆ ಒಂದು ಮಾತಿನಲ್ಲಿ ಎಲ್ಲ ಇತ್ತು. ಮಂತ್ರಿ ಉಳಿದ, ಗುಮಾಸ್ತ ಓಡಿದ ಎಂದರೆ ಊರೆಲ್ಲ ಪ್ರಶ್ನೆಯೇ ಕೇಳದೆ ನಂಬುತ್ತದೆ. ತಾನೂ ನಂಬಿದ್ದವನೇ.

ಬೀರುವಿನ ಬೀಗಕ್ಕೆ ಒಂದೇ ಕೀ, ಅದು ತಮ್ಮ ಜೇಬು ಬಿಟ್ಟು ಕದಲಿಲ್ಲವೆಂದು ಸೋಮನಾಥರೇ ಹೇಳಿದರು. ತಮಗೇ ಕುತ್ತಾಗುವ ಮಾತು ಎಂಬ ಅರಿವೂ ಅವರಿಗಿದ್ದಂತಿರಲಿಲ್ಲ.

ಮೇಘಶ್ರೀ ಸಿಕ್ಕಿದ್ದು ಜೆ.ಪಿ. ನಗರದ ತನ್ನ ಸ್ಟುಡಿಯೋದಲ್ಲಿ. “ನಾನು ನೋಟ್‌ಬುಕ್ ಮುಟ್ಟಿದ್ದು ಕಾಫಿ ಚೆಲ್ಲಿದ ಮೇಲೇನೇ ಆಂಟಿ, ಅದೂ ಮೇಲಿಂದ ಒರೆಸಿದೆ ಅಷ್ಟೆ. ಸುಧಾಮಣಿ ಮೇಡಂ ಮುಟ್ಟಲೇ ಇಲ್ಲ, ಅಷ್ಟು ದೂರ ಕೂತಿದ್ರು. ಕಾಫಿ ಲೋಟ ಇಡೋಕೆ ಅಂತ ಟೇಬಲ್ ಹತ್ರ ಬಂದಿದ್ದು.”

“ಮೇಷ್ಟ್ರು ಮಾತಾಡೂವಾಗ ಬ್ಯಾರೆ ಏನರೆ ನೋಡ್ದೇನವ್ವ?”

ಅವಳು ನಕ್ಕಳು. “ಬೋರ್ ಆಗಿ ಅವರ ನೀರಿನ ಲೋಟನೇ ನೋಡ್ತಿದ್ದೆ. ಪುಸ್ತಕ ತಿರುವಿಹಾಕೋವಾಗ್ಲೇ ಗಂಟಲು ಒಣಗ್ತಿದೆ ಅಂತ ನೀರು ತರಿಸ್ಕೊಂಡ್ರು. ಒಂದು ಗುಟುಕೂ ಕುಡೀಲಿಲ್ಲ. ಹೋಗೋವಾಗ ಲೋಟ ತುಂಬಿದ್ದು ತುಂಬಿದಂಗೇ ಇತ್ತು.”

ಶುಕ್ರವಾರ ಬೆಳಿಗ್ಗೆ ತ್ಯಾಗರಾಜನಗರದಲ್ಲಿ ಶಶಿಧರ್ ಮೇಷ್ಟ್ರು ಇಬ್ಬರನ್ನೂ ಬಾಯಿ ತುಂಬ ಸ್ವಾಗತಿಸಿದರು. ನಾಲ್ಕು ಗೋಡೆಗೂ ಪುಸ್ತಕ. ಮೇಜಿನ ಮೇಲೆ ಫೈಲುಗಳು, ಪ್ರತಿಯೊಂದಕ್ಕೂ ಬಿಳಿ ನೂಲಿನ ದಾರ ಕಟ್ಟಿತ್ತು. “ರಬ್ಬರ್ ಬ್ಯಾಂಡ್ ಕಾಗದವನ್ನು ತಿಂದುಹಾಕುತ್ತೆ,” ಎಂದರು ಮೇಷ್ಟ್ರು ಹೆಮ್ಮೆಯಿಂದ. “ನಲವತ್ತು ವರ್ಷ ದಫ್ತರಖಾನೆಗಳಲ್ಲಿ ಕೂತವನು ನಾನು. ಒಂದು ಚೂರು ಹಳೆ ಕಾಗದ ಹಾಳಾದರೂ ಕರುಳು ಕಿವುಚಿದಂತಾಗುತ್ತೆ. ಪಾಪ, ಆ ತಾಯಿ. ಸೋಮನಾಥ್ ಇಂಥ ಕೆಲಸ ಮಾಡ್ತಾರೆ ಅಂತ ನಾನು ಹೇಳೋದಿಲ್ಲ. ಆದರೆ ಕೀ ಅವರ ಹತ್ತಿರವೇ ಇತ್ತಲ್ಲ?”

ಅಲ್ಲಿಂದ ಶರಣಮ್ಮ ಅರೆಕೆರೆಗೆ ಹೋಗಿ ನರ್ಸ್ ಭಾಗ್ಯಜ್ಯೋತಿಯ ಜೊತೆ ಅರ್ಧ ಗಂಟೆ ಮಾತಾಡಿ ಬಂದರು. ಕೆಳಗೆ ಆಟೋ ಹಿಡಿದು ಕಾದಿದ್ದ ಮೌನೇಶ ನೋಡಿದಾಗ ಅವರ ಮುಖ ಕೆಂಪಾಗಿತ್ತು. ಏಳು ವರ್ಷದಲ್ಲಿ ಅವರನ್ನು ಆ ರೀತಿ ಅವನು ಕಂಡಿರಲಿಲ್ಲ.

“ನಾಳಿ ಹನ್ನೊಂದಕ್ಕ ಎಲ್ಲಾರನ್ನೂ ಸೋಮನಾಥರ ಮನಿಗೆ ಕರಿ,” ಎಂದರು. “ಮೇಷ್ಟ್ರಿಗೆ ಹೇಳು, ಮರ್ಸಾನ್ ಫೈಲ್ ತರಬೇಕಂತ.”

ಶನಿವಾರ ಆ ಹಜಾರದಲ್ಲಿ ಎಲ್ಲರೂ ಬಂದು ಕೂತರು. ಸೋಮನಾಥ್ ಗಡಿಯಾರ ನೋಡಿಕೊಳ್ಳುತ್ತಿದ್ದರು. ಸುಧಾಮಣಿ ಮೂಲೆಯ ಕುರ್ಚಿಯಲ್ಲಿ, ಸೆರಗು ಹೊದ್ದು, ಯಾರ ಮುಖವನ್ನೂ ನೋಡದೆ ಕೂತಿದ್ದರು. ಮೇಘಶ್ರೀ ಅವರ ಪಕ್ಕ. ಶಶಿಧರ್ ಮೇಷ್ಟ್ರು ಫೈಲನ್ನು ತೊಡೆಯ ಮೇಲಿಟ್ಟು, ಬಂದ ಗೋವಿಂದಮ್ಮನಿಗೆ ಎದ್ದು ನಿಂತು ಕೈಮುಗಿದರು. ಭಾಗ್ಯಜ್ಯೋತಿ ಬಾಗಿಲ ಬಳಿ ನಿಂತೇ ಇದ್ದಳು.

ಶರಣಮ್ಮ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಡಿಸಿಟ್ಟರು.

“ಎಲ್ಲಾರೂ ಬೀರುವಿನ ಕೀಲಿ ಹಿಂದ ಓಡ್ಯಾರ. ನಾನು ಬೀರುವನ್ನ ಬಿಟ್ಟೇಬಿಟ್ಟೆ. ಯಾಕಂದ್ರ ಬೀರು ಮುಚ್ಚೋಕಿಂತ ಮೊದಲೇ ಹಾಳಿ ಹೋಗಿತ್ತು.”

“ಅದು ಹೇಗೆ ಹೇಳ್ತೀರಿ?” ಎಂದರು ಸೋಮನಾಥ್.

“ಮೌನೇಶ, ಕನ್ನಡಿ ಹಿಡಿ.”

ಮೌನೇಶ ಖಾಲಿ ಪುಟದ ಮುಂದೆ ಅಂಗೈಯಗಲದ ಕನ್ನಡಿ ಹಿಡಿದ. ಕಾಫಿ ಕಲೆಯೊಳಗಿನ ನೀಲಿ ಚುಕ್ಕೆಗಳು ಕನ್ನಡಿಯಲ್ಲಿ ತಿರುಗಿ, ಅರೆಬರೆ ಅಕ್ಷರವಾದವು. ‘ಹಡಗು’, ‘ನಾಳೆ’.

“ಇವು ಹನ್ನೊಂದನೇ ತಾರೀಖಿನ ಪುಟದ ಅಕ್ಷರ. ಕಾಫಿ ಬಿದ್ದಾಗ ಶಾಯಿ ಕರಗಿ ಎದುರಿನ ಪುಟಕ್ಕ ಉಲ್ಟಾ ಅಚ್ಚೊತ್ತ್ಯಾವ. ಹನ್ನೆರಡರ ಹಾಳಿ ನಡುವ ಇದ್ದಿದ್ರ ಈ ಅಚ್ಚು ಆ ಹಾಳಿ ಮ್ಯಾಲ ಬೀಳ್ತಿತ್ತು, ಈ ಖಾಲಿ ಪುಟಕ್ಕ ಬರ್ತಿರಲಿಲ್ಲ. ಅಂದ್ರ ಕಾಫಿ ಚೆಲ್ಲೂ ಹೊತ್ತಿಗೆ ಎರಡೂ ಪುಟ ಒಂದಕ್ಕೊಂದು ತಾಗಿದ್ವು. ಹಾಳಿ ಆಗಲೇ ಹೋಗಿತ್ತು.”

“ಹಾಗಾದರೆ ಅದು ಹನ್ನೊಂದು ವರ್ಷದ ಹಿಂದೆಯೇ ಹೋಗಿರಬಹುದು,” ಎಂದರು ಶಶಿಧರ್ ಮೆಲ್ಲಗೆ. “ಸಂಜೀವಯ್ಯನವರೇ ಹರಿದಿರಬಹುದು.”

“ಹೋಗಿರಬಹುದಿತ್ತು. ಆದರ ಬುಡದ ಅಂಚು ಬೆಳ್ಳಗದ ಮೇಷ್ಟ್ರೇ. ಪುಸ್ತಕೆಲ್ಲ ಹಳದಿ ಆಗಿ ಕೂತದ, ಅಂಚಿನ ಎಳಿ ಮಾತ್ರ ಹೊಸಾದು. ಹಂಗಾಗಿ ಹಳೇ ಕಳವಲ್ಲ. ಕಾಫಿಗಿಂತ ಮೊದಲು, ಹೊಸದಾಗಿ. ಅಂದ್ರ ಬುಧವಾರ ನಾಲ್ಕು ಗಂಟಿಗೆ ಪುಸ್ತಕ ಈ ಮನಿಗೆ ಬಂದ ಮ್ಯಾಲ, ಕಾಫಿ ಬರೂದರ ಒಳಗ.”

“ಈ ತಾಯಿ ಮಗಳೇ ಮನೇಲಿ ತೆಗೆದು ತಂದಿರಬಾರದೇಕೆ?” ಸೋಮನಾಥರ ದನಿಯಲ್ಲಿ ಇನ್ನೂ ಗತ್ತಿತ್ತು.

“ತೆಗೆದಿದ್ರ ಮೇಷ್ಟ್ರು ಅದನ್ನ ಹೆಂಗ ನೋಡಿದ್ರು?” ಶರಣಮ್ಮ ಶಶಿಧರರತ್ತ ತಿರುಗಿದರು. “ಬುಧವಾರ ನೀವು ‘ಮುಂದಿನದು ಸೂಕ್ಷ್ಮ ವಿಷಯ’ ಅಂದ್ರಿ. ಗುರುವಾರ ‘ಹನ್ನೊಂದರತನಕ ಮಾತ್ರ ನೋಡಿದ್ದೆ’ ಅಂದ್ರಿ. ನೋಡದೇ ಇದ್ದದ್ದು ಸೂಕ್ಷ್ಮ ಅಂತ ಹೆಂಗ ತಿಳೀತು?”

ಮೌನೇಶನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕನ್ನಡಿಯನ್ನು ಮೇಜಿನ ಮೇಲಿಟ್ಟು ಮೇಷ್ಟ್ರತ್ತ ತಿರುಗಿದ. ಕೈಮುಗಿದು ನಿಂತಿದ್ದವನು, ‘ತಾಯಿ’ ಎಂದವನು!

“ಅನುಮಾನಕ್ಕೆ ಒಂದು ಮಿತಿ ಬೇಡವೇ?” ಶಶಿಧರ್ ಎದ್ದರು. “ನಾಲ್ಕು ಜನರ ಎದುರಿಗೆ ಹಾಳೆ ಹರಿದರೆ ಸದ್ದಾಗೋದಿಲ್ಲವೇ?”

“ಹರಿದರ ಆಗತದ. ಒದ್ದಿ ದಾರ ಇಟ್ಟರ ಆಗೂದಿಲ್ಲ. ದಫ್ತರಖಾನಿಯೊಳಗ ಹಾಳಿ ಕದಿಯೋರು ಮಾಡೂ ಹಳೇ ಕೆಲಸ ಅದು. ನೂಲಿನ ದಾರ ನೀರಾಗ ಅದ್ದಿ, ಹಾಳಿ ಬುಡಕ್ಕ ಇಟ್ಟು, ಪುಸ್ತಕ ಮುಚ್ಚಿ ಹತ್ತು ನಿಮಿಷ ಒತ್ತಿ ಹಿಡದರ, ಕಾಗದ ಆ ಗೆರಿಗುಂಟ ಮೆತ್ತಗಾಗಿ ತಾನೇ ಬಿಟ್ಟು ಬರತದ. ಅಂಚು ಹತ್ತಿಯಂಗ ಉಬ್ಬತದ. ಗೆರಿಗುಂಟ ಶಾಯಿ ಹರಡತದ. ಎರಡೂ ಈ ಬುಡದ ಮ್ಯಾಲವ. ದಾರ ನಿಮ್ಮ ಫೈಲಿಂದು. ನೀರು, ನೀವು ತರಿಸಿ ಕುಡೀದೇ ಬಿಟ್ಟದ್ದು. ಹತ್ತು ನಿಮಿಷ, ಸಾಮಾನ್ಯರ ತ್ಯಾಗದ ಬಗ್ಗೆ ನೀವು ಮಾಡಿದ ಭಾಷಣ.” ಶರಣಮ್ಮ ಕಿಟಕಿಯತ್ತ ಕೈ ತೋರಿಸಿದರು. “ಆಮ್ಯಾಲ ಕಿಟಕಿ ಕಡೆ ತಿರುಗಿ, ಎಲ್ಲಾರಿಗೂ ಬೆನ್ನು ಮಾಡಿ, ಒಂದು ಪುಟ ಗಟ್ಟಿಯಾಗಿ ಓದಿಕೋತ, ಇನ್ನೊಂದನ್ನ ಫೈಲಿನೊಳಗ ಜಾರಿಸಿದ್ರಿ. ಅವತ್ತು ಸೋಮನಾಥರು ಮ್ಯಾಲಿದ್ರು. ಈ ಇಬ್ಬರು ಕಾಫಿಗಿಂತ ಮೊದಲು ಪುಸ್ತಕ ಮುಟ್ಟಿಲ್ಲ. ಉಳಿದವರು ನೀವೊಬ್ಬರೇ.”

“ನನಗೇನು ಲಾಭ? ನಾನು ಇವರ ಪರವೇ...”

“ಭಾಗ್ಯಜ್ಯೋತಿ, ಆ ಚೀಟಿ ಕೊಡವ್ವ.”

ಭಾಗ್ಯಜ್ಯೋತಿ ಮುಂದೆ ಬಂದು ಅಂಚೆಯ ಒಂದು ಮಾಸಿದ ಸ್ವೀಕೃತಿ ಚೀಟಿ ಮೇಜಿನ ಮೇಲಿಟ್ಟಳು. “ಒಂಬತ್ತು ವರ್ಷದ ಹಿಂದ ಸಾರ್‌ರ ಪುಸ್ತಕ ಓದಿದ್ದೆ. ಕೊನೇ ಬಸ್ ಬಿಟ್ಟವರು ಸಂಜೀವಯ್ಯ ಸಾರ್, ಮಂತ್ರಿಗಳು ಅಲ್ಲಿರಲೇ ಇಲ್ಲ, ಅವರ ಮನಿ ವಿಳಾಸ ಕೊಡ್ರಿ ಅಂತ ರಿಜಿಸ್ಟರ್ ಪೋಸ್ಟ್ ಹಾಕಿದ್ದೆ. ಮುಟ್ಟಿದ್ದಕ್ಕ ಸಾರ್ ಸೈನ್ ಮಾಡ್ಯಾರ. ಉತ್ತರ ಬರಲಿಲ್ಲ.”

“ಆ ಸಹಿ, ಕವರ್ ಮ್ಯಾಲಿನ ಸಹಿ ಎರಡೂ ಒಂದೇ ಕೈಯವು,” ಎಂದರು ಶರಣಮ್ಮ. “ಆ ಪತ್ರ ಬಂದ ಮ್ಯಾಲೂ ಪುಸ್ತಕ ನಾಲ್ಕು ಸಲ ಅಚ್ಚಾತು. ಒಂದಕ್ಷರ ಬದಲಾಗಲಿಲ್ಲ. ಮಂತ್ರಿಗಳು ಕೊನೇ ಬಸ್ ಕಾದರು ಅಂತ ನಾಳಿನ ಶಿಲೆ ಮ್ಯಾಲ ಕೆತ್ತಿಸಿದ ಸಾಲೂ ನಿಮ್ಮದೇ. ಗೊತ್ತಿಲ್ಲದೇ ತಪ್ಪು ಬರದಿದ್ರ ತಿದ್ದಬಹುದಿತ್ತು. ನೀವು ಗೊತ್ತಿದ್ದೂ ಒಂಬತ್ತು ವರ್ಷ ಮಕ್ಕಳಿಗೆ ಸುಳ್ಳು ಓದಿಸೀರಿ.”

ಶಶಿಧರ್ ಫೈಲನ್ನು ಎದೆಗೆ ಒತ್ತಿಕೊಂಡರು. “ಇದೆಲ್ಲ ಊಹೆ. ನನ್ನ ಫೈಲ್ ಮುಟ್ಟುವ ಅಧಿಕಾರ ಇಲ್ಲಿ ಯಾರಿಗೂ ಇಲ್ಲ.”

“ಕೊಡಿ ಮೇಷ್ಟ್ರೇ.”

ಮಾತಾಡಿದವರು ಸುಧಾಮಣಿ. ಅವರು ಎದ್ದು ನಿಂತಿದ್ದರು.

“ಅವತ್ತು ಎಂಟೂ ಮುಕ್ಕಾಲಕ್ಕೆ ನಮ್ಮನೆಯವರು ಕಾರಿಂದ ಫೋನ್ ಮಾಡಿದ್ರು. ನಾನು ಹೊರಟೆ ಸುಧಾ, ಹಡಗು ಹತ್ತಿ ಮಾಡ್ತೀನಿ ಅಂದ್ರು. ಅದೇ ಕೊನೆ. ಆಮೇಲೆ ನಿಮ್ಮ ಪುಸ್ತಕ ಬಂತು. ಮಧ್ಯಾಹ್ನದವರೆಗೆ ಬಸ್ಸು ಕಾಯ್ತಾ ನಿಂತಿದ್ರು ಅಂತ ಬರೆದಿದ್ರಿ. ನಿಮ್ಮನ್ನ ಒಂದು ಸಲನಾದ್ರೂ ಕೇಳಬೇಕಿತ್ತು. ಕೇಳಲಿಲ್ಲ. ಸುಳ್ಳೇ ಚೆನ್ನಾಗಿತ್ತು ನಂಗೆ.” ಅವರು ಕೈ ಚಾಚಿದರು. “ಅವರು ಯುದ್ಧದ ಊರಿಗೆ ಹೋಗಿದ್ರು, ಅಲ್ಲೇ ಸತ್ರು. ಅದು ನಿಜ, ಅಷ್ಟು ಸಾಕು. ಇನ್ನೊಬ್ಬರ ಸಾವನ್ನ ಕಿತ್ತು ಅವರಿಗೆ ಹೊದಿಸಬೇಡಿ. ಕೊಡಿ.”

ಮೇಷ್ಟ್ರು ಅವರ ಕಣ್ಣು ತಪ್ಪಿಸಲು ನೋಡಿದರು, ಆಗಲಿಲ್ಲ. ಬಿಳಿ ದಾರ ಬಿಚ್ಚಿದರು. ಫೈಲಿನ ನಡುವಿನಿಂದ, ತೆಳು ಕಾಗದದಲ್ಲಿ ಜೋಪಾನವಾಗಿ ಸುತ್ತಿದ್ದ ಹಾಳೆ ಹೊರಬಂತು.

“ನಾನು ಇದನ್ನು ನಾಶ ಮಾ‌ಡಲಿಲ್ಲ,” ಎಂದರು. “ಸುಡಬಹುದಿತ್ತು, ಸುಡಲಿಲ್ಲ. ಮನೆಯಲ್ಲಿ ಬಿಟ್ಟು ಬರಲೂ ಧೈರ್ಯವಾಗಲಿಲ್ಲ. ನಾವೆಲ್ಲ ಹೋದ ಮೇಲೆ ದಫ್ತರಖಾನೆಗೆ ಸೇರುವ ಹಾಗೆ...”

“ನಾನೂ ಹೋದ್ಮೇಲಾ?” ಗೋವಿಂದಮ್ಮ ಕೇಳಿದರು.

ಮೇಷ್ಟ್ರು ಹಾಳೆಯನ್ನು ಮೇಜಿನ ಮೇಲಿಟ್ಟರು.

ಶರಣಮ್ಮ ಹಾಳೆಯನ್ನು ಬುಡಕ್ಕೆ ಜೋಡಿಸಿದರು. ಅರ್ಧ ಅಕ್ಷರಗಳು ಅರ್ಧ ಅಕ್ಷರಗಳನ್ನು ಕೂಡಿದವು. ಆಮೇಲೆ ಅವರ ಬೆರಳು ಇಂಗ್ಲಿಷಿನ ಆ ಒಂದು ಸಾಲಿನ ಮೇಲೆ ನಿಂತಿತು. “ಸೋಮನಾಥ ಸಾರ್, ಕವರ್ ಮ್ಯಾಲ ನಿಮ್ಮ ಸಹಿ ನೋಡೀನಿ. ಈ ಆದೇಶದ ಕೆಳಗಿನ ಸಹಿನೂ ಅದೇ. ಹನ್ನೊಂದಕ್ಕ ಬಿಡುಗಡಿ ಮಾಡಿದ್ದ ಮನುಷ್ಯಾಗ ಹನ್ನೆರಡಕ್ಕ ‘ಇಲ್ಲೇ ಇರಿ’ ಅಂತ ಯಾಕ ಬರದ್ರಿ?”

ಸೋಮನಾಥ್ ಬಗ್ಗಿ ಆ ಸಾಲನ್ನು ನೋಡಿದರು. ಬಿಡುಗಡೆಯ ಪತ್ರ ಆಮೇಲೆ ಹಡಗಿನಲ್ಲಿ ತಯಾರಾದದ್ದು ಎಂದು ಒಪ್ಪಿಕೊಂಡರು. ಸಿಬ್ಬಂದಿಯೊಬ್ಬನನ್ನು ಬಿಟ್ಟು ರಾಯಭಾರಿಯೇ ಮೊದಲು ಹೊರಟನೆಂದು ಬರೆಯಲು ಕೈ ಬರಲಿಲ್ಲವಂತೆ. “ಹಾಳೆ ಕದ್ದವನು ನಾನಲ್ಲ,” ಎಂದರು.

“ಹಾಳಿ ಕದ್ದಿಲ್ಲ,” ಎಂದ ಮೌನೇಶ. ತಾನು ಮಾತಾಡಬೇಕೆಂದು ಅವನು ಅಂದುಕೊಂಡಿರಲಿಲ್ಲ. “ಹನ್ನೊಂದು ವರ್ಷ ಈ ಅವ್ವನ ಗಂಡನ ಹೆಸರೇ ಕದ್ದಿರಿ. ನನ್ನಂಥವರ ಕೈಯಾಗ ಹಾರ ಹಾಕಿಸೀರಿ.”



ಸೋಮನಾಥ್ ಗೋವಿಂದಮ್ಮನತ್ತ ತಿರುಗಿದರು. “ಅಮ್ಮ, ನಾಳಿನ ಕಾರ್ಯಕ್ರಮ ರದ್ದು ಮಾಡ್ತೀನಿ. ಶಿಲೆ ಮೇಲೆ ಹೆಸರು ಸೇರಿಸಿ, ಆ ಸಾಲು ತೆಗೆಸಿ, ಆಮೇಲೆ ಇಡೋಣ. ನಾನೇ ಬರೆದುಕೊಡ್ತೀನಿ. ಆದರೆ ಪೊಲೀಸು, ಪೇಪರು ಬೇಡ. ಎಲ್ಲರ ಮರ್ಯಾದೆ ಪ್ರಶ್ನೆ.”

“ಫೋರ್ಜರಿ ಅಂದಾಗ ಯಾರ ಮರ್ಯಾದೆ ಇತ್ತು ಸಾರ್?” ಎಂದಳು ಶಾಂತಲಾ.

ಗೋವಿಂದಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಎದ್ದರು. “ಹೆಸರು ಸೇರಿಸ್ರಿ. ಅದು ನೀವು ಕೊಡೋ ದಾನ ಅಲ್ಲ. ಸ್ಟೇಷನ್‌ಗೂ ಹೋಗ್ತೀನಿ.”

ಮಧ್ಯಾಹ್ನ ಒಂದೂವರೆಗೆ ಠಾಣೆಯಲ್ಲಿ ದೂರು ಬರೆದುಕೊಳ್ಳಲು ಕೂತ ಹೆಡ್ ಕಾನ್ಸ್‌ಟೇಬಲ್ ವಯಸ್ಸಾದವನು, ಅವಸರವಿಲ್ಲದವನು. ಮೌನೇಶ, ಶರಣಮ್ಮ ಹಿಂದಿನ ಬೆಂಚಿನಲ್ಲಿ ಕೂತರು. ಹಾಳೆ, ನೋಟ್‌ಬುಕ್, ಅಂಚೆಯ ಸ್ವೀಕೃತಿ ಚೀಟಿ ಮೇಜಿನ ಮೇಲಿದ್ದವು. ಅವನು ಒಂದೊಂದೇ ಕೇಳುತ್ತ ಬರೆಯುತ್ತಿದ್ದ. ಹೆಸರು, ವಯಸ್ಸು, ವಿಳಾಸ.

“ಗಂಡನ ಹೆಸರು?”

“ಸಂಜೀವಯ್ಯ.”

“ಇದ್ದಾರಾ?”

“ಇಲ್ಲ. ಮರ್ಸಾನ್ ಯುದ್ಧದಲ್ಲಿ ತೀರ್ಕೊಂಡ್ರು.”

“ಲೇಟ್ ಸಂಜೀವಯ್ಯ,” ಎಂದುಕೊಂಡು ಅವನು ಬರೆದ. ಮುಂದಿನ ಪ್ರಶ್ನೆಗೆ ಹೋಗುತ್ತಿದ್ದ.

“ಇನ್ನೊಂಚೂರು ಬರ್ಕೊಳ್ಳಿ ಸಾರ್,” ಎಂದರು ಗೋವಿಂದಮ್ಮ. “ಕರ್ತವ್ಯದ ಮೇಲಿದ್ದಾಗ ಅಂತ.”

ಅವನು ಪೆನ್ನು ತಡೆದು ತಲೆಯೆತ್ತಿದ. “ಅದಕ್ಕೇನಾದ್ರೂ ರೆಕಾರ್ಡ್ ಇದೆಯಾಮ್ಮ?”

ಶಾಂತಲಾ ಹಾಳೆಯನ್ನು ಅವನ ಕಡೆ ತಿರುಗಿಸಿದಳು. ಅವನು ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದತೊಡಗಿದ. ನಲವತ್ತಮೂರು ಹೆಸರನ್ನೂ ಓದಿದ, ಹಾಳೆ ತಿರುಗಿಸಿ ಕೊನೆಯ ಸಾಲನ್ನೂ ಓದಿದ. ಆಮೇಲೆ ಪೆನ್ನು ಎತ್ತಿ, ದುಂಡಗೆ, ನಿಧಾನವಾಗಿ ಬರೆದ. ಬರೆದದ್ದನ್ನು ಗೋವಿಂದಮ್ಮನ ಕಡೆ ತಿರುಗಿಸಿ ತೋರಿಸಿದ.

ಅವರು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದರು. ಸರ್ಕಾರದ ಕಾಗದವೊಂದರ ಮೇಲೆ ಆ ಮಾತು ಬಂದದ್ದು ಅದೇ ಮೊದಲು. ಆಗ, ಆ ಠಾಣೆಯ ಮರದ ಕುರ್ಚಿಯಲ್ಲಿ, ಗೋವಿಂದಮ್ಮ ಅತ್ತರು.